ಪೂಲು ದಾಟದ ಅತ್ತೆ

ಅತ್ತೆಯ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ವರ್ಷಗಟ್ಟಲೆ ಬಿಸಿ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿದು ಬಡಿದು ಅವು ಹೊಳೆಯ ಕಲ್ಲಿನಂತೆ ನುಣ್ಣಗೆ, ಗಟ್ಟಿಯಾಗಿದ್ದವು. ಆ ಕೈ ಏನನ್ನಾದರೂ ಹಿಡಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ. ನಾನು ಮದುವೆಯಾಗಿ ಮುಂಬಯಿಗೆ ಬಂದ ಮರುದಿನ ಬೆಳಿಗ್ಗೆ ಅವರು ನನ್ನ ಮಣಿಕಟ್ಟು ಹಿಡಿದು ಚಾಳಿನಿಂದ ಹೊರಗೆ ಕರೆದುಕೊಂಡು ಹೋದರು. ಹೊಸ ಬಳೆಗಳು ಚರ್ಮಕ್ಕೆ ಒತ್ತಿ ನೋಯುತ್ತಿದ್ದವು, ಹೇಳಲು ಧೈರ್ಯ ಬರಲಿಲ್ಲ. ನೀರಿನ ನಳ, ರೇಷನ್ ಅಂಗಡಿ, ಹಿಟ್ಟಿನ ಗಿರಣಿ, ಹನುಮಪ್ಪನ ಗುಡಿ ಎಲ್ಲ ತೋರಿಸುತ್ತ ನಡೆದವರು ಪೂಲಿನ ಬುಡಕ್ಕೆ ಬಂದು ಥಟ್ಟನೆ ನಿಂತರು. ರೈಲು ಪಟ್ರಿಯ ಮೇಲೆ ಕಟ್ಟಿದ ದೊಡ್ಡ ಸೇತುವೆ ಅದು, ನಮ್ಮ ಕಡೆ ಎಲ್ಲರ ಬಾಯಲ್ಲೂ ಪೂಲು. ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು.

"ನಮ್ಮ ಊರು ಇಲ್ಲಿಗೆ ಮುಗೀತು, ಯವ್ವಾ. ಇದರ ಮ್ಯಾಲೆ ಕಾಲಿಡಬ್ಯಾಡ," ಎಂದರು. ಅಷ್ಟು ಹೇಳಿ ನನ್ನನ್ನು ತಿರುಗಿಸಿ ಮನೆಗೆ ಕರೆತಂದರು.

ನಾನು ಗದಗಿನ ಹುಡುಗಿ. ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ, ಊರ ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಮಾಡಿ ರುಚಿ ಹತ್ತಿದವಳು. ಈ ಸಂಬಂಧ ಬಂದಾಗ ಅಪ್ಪ ಒಪ್ಪಿದ್ದೇ, ಮುಂಬಯಿಯಲ್ಲಿ ಕನ್ನಡ ಶಾಲೆಗಳಿವೆ, ಮಗಳು ಓದಿದ್ದು ದಂಡವಾಗುವುದಿಲ್ಲ ಎಂದು. ಶಾಲೆ ಇದ್ದದ್ದು ನಿಜ. ಅದು ಪೂಲಿನ ಆಚೆ ಇತ್ತು.

ಭಾಂಡುಪ್ ಕಡೆಯ ನಮ್ಮ ವಸ್ತಿ ಪಟ್ರಿಗೂ ಉಪ್ಪಿನ ಗದ್ದೆಗಳಿಗೂ ನಡುವೆ ಸಿಕ್ಕಿಕೊಂಡಿತ್ತು. ಕಾರ್ಖಾನೆ, ಶಾಲೆ, ದವಾಖಾನೆ, ದೊಡ್ಡ ಬಜಾರು ಎಲ್ಲ ಪಟ್ರಿಯ ಆಚೆ. ದಾಟಲು ಎರಡೇ ದಾರಿ. ಒಂದು, ದೂರದ ಸ್ಟೇಶನ್ನಿನವರೆಗೆ ನಡೆದು, ಅಲ್ಲಿ ಮೆಟ್ಟಿಲು ಹತ್ತಿ ಇಳಿದು, ಆಚೆ ಬದಿಯಲ್ಲಿ ಮತ್ತೆ ಅಷ್ಟೇ ದೂರ ವಾಪಸು ನಡೆಯುವುದು. ಇನ್ನೊಂದು, ಪೂಲು. ಅದರ ಮೇಲೆ ಹೋಗಲು ಎರಡು ಸಾಲು, ಬರಲು ಎರಡು ಸಾಲು, ನಾಲ್ಕರಲ್ಲೂ ಲಾರಿಗಳು. ನಡೆಯುವವರಿಗೆಂದು ಬದಿಯಲ್ಲಿ ಕಟ್ಟಿದ್ದ ಕಟ್ಟೆಯ ಮೇಲೆ ಯಾರೋ ಪುಣ್ಯಾತ್ಮರು ನೀರಿನ ದಪ್ಪ ಪೈಪು ಹಾಸಿಬಿಟ್ಟಿದ್ದರು. ಹಾಗಾಗಿ ಕಾಲ್ನಡಿಗೆಯವರೂ ಸೈಕಲ್ಲಿನವರೂ ಲಾರಿಯ ಚಕ್ರಕ್ಕೂ ಆ ಪೈಪಿಗೂ ನಡುವೆ ಉಳಿದ ಮೊಳದಷ್ಟು ಜಾಗದಲ್ಲಿ ಜೀವ ಹಿಡಿದುಕೊಂಡು ಹೋಗಬೇಕು.

ಮಾವನವರು ಹೋದದ್ದು ಆ ಜಾಗದಲ್ಲೇ. ಇದನ್ನು ನನಗೆ ಹೇಳಿದ್ದು ನನ್ನ ಗಂಡ. ಅವರು ಆಗ ಇನ್ನೂ ಕೆಲಸಕ್ಕೆ ಹತ್ತಿರಲಿಲ್ಲ. ಮಾವನವರು ಪಾಳಿ ಮುಗಿಸಿ ಮಧ್ಯಾಹ್ನ ಸೈಕಲ್ ಮೇಲೆ ಮರಳುತ್ತಿದ್ದರು. ಒಂದು ಲಾರಿ ಇನ್ನೊಂದನ್ನು ಹಿಂದೆ ಹಾಕಲು ಹೋಗಿ ಎರಡೂ ಜೋಡಿಯಾಗಿ ಬಂದವು. ಸೈಕಲ್ಲಿಗೆ ಸರಿಯಲು ಜಾಗವಿರಲಿಲ್ಲ. ಯಾರೋ ಓಡಿ ಬಂದು ಹೇಳಿದಾಗ ಅತ್ತೆ ಹಿಟ್ಟು ನಾದುತ್ತಿದ್ದರು. ಹಿಟ್ಟಿನ ಕೈಯಲ್ಲೇ ಓಡಿ ಪೂಲಿನ ನಡುಮಧ್ಯಕ್ಕೆ ಹೋಗುವಷ್ಟರಲ್ಲಿ ಮಾವನವರನ್ನು ಆಚೆ ಬದಿಯ ದವಾಖಾನೆಗೆ ಒಯ್ದಾಗಿತ್ತು. ಪೂಲಿನ ಅಂಚಿನ ಕಠಡೆಗೆ, ಆ ಕಬ್ಬಿಣದ ತಡೆಗಂಬಿಗೆ, ಒರಗಿಸಿಟ್ಟ ಸೈಕಲ್ ಮಾತ್ರ ಇತ್ತು. ಆ ದಿನದ ಬಗ್ಗೆ ಅತ್ತೆ ನನ್ನ ಮುಂದೆ ಬಾಯಿ ಬಿಟ್ಟದ್ದು ಒಂದೇ ಸಲ. "ಅವರನ್ನ ಆ ಕಡೆ ಒಯ್ದರು. ನಾ ಸೈಕಲ್ ತಗೊಂಡು ಈ ಕಡೆ ಬಂದೆ," ಎಂದಿದ್ದರು. ಆಮೇಲೆ ಅವರು ಪೂಲು ಹತ್ತಲಿಲ್ಲ. ಮಗನನ್ನೂ ಹತ್ತಗೊಡಲಿಲ್ಲ. ನನ್ನ ಗಂಡ ಫಿಟ್ಟರ್ ಆಗಿ ಆಚೆ ಬದಿಯ ಕಾರ್ಖಾನೆಗೆ ಸೇರಿದ ಮೇಲೂ ಸ್ಟೇಶನ್ ಸುತ್ತಿಯೇ ಹೋಗಬೇಕಿತ್ತು. ಅವರು ಆಸೆಪಟ್ಟು ತಂದ ಸೈಕಲ್ಲನ್ನು ಅತ್ತೆ ಪಡಸಾಲೆಯ ಕಬ್ಬಿಣದ ಕಂಬಕ್ಕೆ ಸರಪಳಿ ಹಾಕಿ ಬಿಗಿದು, ಕೀಲಿಯನ್ನು ಎಲೆಯಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಿದ್ದರು. ಮೂವತ್ತು ಮುಟ್ಟುತ್ತಿದ್ದ ಗಂಡಸು ತಾಯಿಗೆ ಎದುರಾಡದೆ ದಿನಾ ಬೆಳಿಗ್ಗೆ ಆ ಸೈಕಲ್ಲಿನ ಪಕ್ಕದಿಂದ ಸರಿದು ಹೊರಗೆ ಹೋಗುತ್ತಿದ್ದರು.

ಅತ್ತೆ ನಡೆಸುತ್ತಿದ್ದದ್ದು ಖಾನಾವಳಿ. ನಮ್ಮದು ಎರಡು ಖೋಲಿ. ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಊಟದ ಸಾಲು. ಬಿಜಾಪುರ, ಬಾಗಲಕೋಟೆ, ರಾಯಚೂರು ಕಡೆಯಿಂದ ಕೂಲಿಗೆ, ಕಟ್ಟಡಕ್ಕೆ, ಕಾರ್ಖಾನೆಗೆ ಬಂದ ಒಂಟಿ ಗಂಡಸರು ಅಲ್ಲಿ ಉಣ್ಣುತ್ತಿದ್ದರು. ರೇಷನ್ನಿನಲ್ಲಿ ಸಿಗುತ್ತಿದ್ದ ಕೆಂಪು ಜೋಳಕ್ಕೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ಅತ್ತೆ ಅದನ್ನು ಬಯ್ಯುತ್ತಲೇ ಬಿಸಿನೀರು ಹಾಕಿ ನಾದಿ ನಾದಿ ಹದಕ್ಕೆ ತರುತ್ತಿದ್ದರು. ಉಂಡವರಿಗೆಲ್ಲ ಅವರು ಅವ್ವ. ಆ ಅವ್ವನದೊಂದು ರೂಢಿ ಇತ್ತು. ಯಾರಾದರೂ ಕೈ ತೊಳೆಯಲು ಏಳುವಾಗ, "ಪೂಲ್ ಮ್ಯಾಲೆ ಹೊಂಟಿಯೇನು?" ಎಂದು ಕೇಳುವರು. ಹೌದೆಂದರೆ ಇನ್ನೊಂದು ರೊಟ್ಟಿ ತಟ್ಟೆಗೆ ಬೀಳುತ್ತಿತ್ತು. ಅದು ಮುಗಿದರೆ ಮಜ್ಜಿಗೆ. ಮಜ್ಜಿಗೆ ಮುಗಿದರೆ ಊರಿನ ಸುದ್ದಿ. ಹೊಸದಾಗಿ ಬಂದ ನಾನು ಇದು ಎಂಥ ಅಂತಃಕರಣ ಎಂದುಕೊಂಡಿದ್ದೆ. ಪಾಳಿ ಬದಲಾಗುವ ಹೊತ್ತಿನ ಲಾರಿಗಳ ನೂಕುನುಗ್ಗಲು ಕಡಿಮೆಯಾಗಲಿ ಎಂದು ಅವರನ್ನು ತಡೆದು ಕೂರಿಸುತ್ತಿದ್ದರೆಂದು ತಿಳಿದದ್ದು ಆಮೇಲೆ.

ನನ್ನನ್ನು ತಡೆಯಲು ರೊಟ್ಟಿ ಬೇಕಿರಲಿಲ್ಲ. ಕೋಳಿ ಕೂಗುವ ಮುಂಚೆ ಎದ್ದು ಶೆಗಡಿ ಹೊತ್ತಿಸಿದರೆ ಇದ್ದಿಲ ಹೊಗೆ, ಹಿಟ್ಟಿನ ಧೂಳು, ಹಂಚಿನ ಝಳ. ಬೆಳಗಿನ ರೊಟ್ಟಿ ಮುಗಿಯುವ ಹೊತ್ತಿಗೆ ಸಂಜೆಯ ಪಲ್ಯಕ್ಕೆ ಕಾಯಿಪಲ್ಯ ಹೆಚ್ಚಲು ಕೂರಬೇಕು. ನಳಕ್ಕೆ ಹೋದರೂ ಬೇಗ ಬಾ ಎನ್ನುವ ಕೂಗು ಬೆನ್ನಿಗೆ. ಹಿಂದಿನ ಖೋಲಿಯ ಚಿಕ್ಕ ಕಿಟಕಿಗೆ ಕಂಬಿಗಳಿದ್ದವು. ಅಲ್ಲಿಂದ ಪೂಲಿನ ಬೆನ್ನು ಕಾಣುತ್ತಿತ್ತು. ಗಾಳಿ ಪಡುವಲಿಂದ ಬೀಸಿದ ದಿನ ಆಚೆಯ ಶಾಲೆಯ ಗಂಟೆಯೂ ಕೇಳುತ್ತಿತ್ತು. ಒಮ್ಮೊಮ್ಮೆ ಹಿಟ್ಟು ನಾದುತ್ತ ನನಗೇ ಗೊತ್ತಿಲ್ಲದೆ ಮಗ್ಗಿ ಹೇಳುತ್ತಿದ್ದೆ. ಅತ್ತೆ ಕೇಳಿಸಿಕೊಂಡರೂ ಏನೂ ಅನ್ನುತ್ತಿರಲಿಲ್ಲ. ಊರಿಗೆ ಬರೆಯುವಾಗ ಎಲ್ಲ ಚೆನ್ನಾಗಿದೆ ಎಂದು ಬರೆಯುತ್ತಿದ್ದೆ. ಹೊಡೆತವಿಲ್ಲ, ಬೈಗುಳವಿಲ್ಲ, ಹೊಟ್ಟೆತುಂಬ ಊಟವಿದೆ. ಇನ್ನೇನೆಂದು ದೂರಲಿ?

ಮದುವೆಯಾದ ಎರಡನೆಯ ವರ್ಷ ಆ ಶಾಲೆಯಲ್ಲಿ ಒಬ್ಬ ಟೀಚರು ಹೆರಿಗೆಗೆಂದು ಹೋದವರು ತಿರುಗಿ ಬರಲಿಲ್ಲ. ಅಲ್ಲಿಯ ಹೆಡ್‌ಬಾಯಿ, ಅಂದರೆ ಮುಖ್ಯ ಟೀಚರು, ಕನ್ನಡ ಕಲಿಸುವವರು ಯಾರಾದರೂ ಇದ್ದಾರೆಯೇ ಎಂದು ಎಲ್ಲರಲ್ಲೂ ವಿಚಾರಿಸುತ್ತಿದ್ದಾರೆಂಬ ಸುದ್ದಿ ಊಟಕ್ಕೆ ಬರುವವರ ಬಾಯಿಂದ ನಮ್ಮ ಖಾನಾವಳಿಗೂ ಬಂತು. ನಾನು ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ. ಸ್ಟೇಶನ್ ಸುತ್ತಿ ಹೋಗುತ್ತೇನೆ ಎಂದೆ. ಬೆಳಗಿನ ರೊಟ್ಟಿ ಮುಗಿಸಿ ಆ ದಾರಿಯಲ್ಲಿ ಹೊರಟರೆ ಶಾಲೆ ಮುಟ್ಟುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಒಂದು ದಿನ ತಡವಾದರೆ ನಾನು ಪೂಲು ಹತ್ತಿಯೇ ಹತ್ತುತ್ತೇನೆ ಎಂಬುದೂ ಅವರಿಗೆ ಗೊತ್ತಿತ್ತು. ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಸಾಲಿ ಈ ಕಡೆ ಬಂದ್ರ ಕಲಿಸು," ಎಂದರು.

ಗಂಡನ ಮುಂದೆ ಅತ್ತುಬಿಟ್ಟೆ. ಅವರು ತಲೆ ತಗ್ಗಿಸಿ ಕೂತರು. ಅವರೂ ಆ ಕಂಬಕ್ಕೆ ಕಟ್ಟಿಸಿಕೊಂಡವರೇ ಎಂದು ಅಂದು ನನಗೆ ಅನಿಸಿತು. ಸಿಟ್ಟು ಮಾಡಲು ಕೂಡ ಮನೆಯಲ್ಲಿ ಯಾರೂ ಉಳಿಯಲಿಲ್ಲ.

ಅದೇ ಬೇಸಿಗೆಯಲ್ಲಿ ಪೆಟ್ರೋಲು ತುಟ್ಟಿಯಾಯಿತು. ಲೋಕಲ್ ಗಾಡಿಗಳೂ ಕೆಲವು ದಿನ ಸರಿಯಾಗಿ ಓಡಲಿಲ್ಲ. ಸ್ಟೇಶನ್ನಿನ ಆಚೆ ಈಚೆ ಕೆಲಸಕ್ಕೆ ಹೋಗುವವರೆಲ್ಲ ಹಳೆಯ ಸೈಕಲ್ಲುಗಳನ್ನು ಒರೆಸಿ ಹೊರತೆಗೆದರು. ಬೆಳಗಾದರೆ ಪೂಲಿನ ಮೇಲೆ ಗಂಟೆಗಳದೇ ಸದ್ದು. ನಮ್ಮಲ್ಲಿ ಉಣ್ಣುತ್ತಿದ್ದ ಒಬ್ಬ ವೆಲ್ಡರ್ ಇದ್ದರು, ಹುನಗುಂದದ ಕಡೆಯವರು, ಊರಲ್ಲಿ ಹೆಂಡತಿ ಮಕ್ಕಳಿದ್ದವರು. ಅತ್ತೆ ಇನ್ನೊಂದು ರೊಟ್ಟಿ ಹಾಕಿದರೆ ನಗುತ್ತ ತಿಂದು ಕೂತಿರುತ್ತಿದ್ದರು. ಒಂದು ದಿನ ಮಾತ್ರ, ಇವತ್ತು ಬ್ಯಾಡವ್ವ, ಹೊತ್ತಾತು ಎಂದು ಎದ್ದುಬಿಟ್ಟರು. ಪೂಲಿನ ಮೇಲೆ ಲಾರಿಯ ಹಿಂಬದಿ ತಾಗಿ ಪೈಪಿನ ಮೇಲೆ ಬಿದ್ದರು. ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ಊರಿನಿಂದ ಅಣ್ಣ ಬಂದು ಎತ್ತಿಕೊಂಡೇ ರೈಲು ಹತ್ತಿಸಿದ. ಅತ್ತೆ ದಾರಿಗೆಂದು ರೊಟ್ಟಿಯ ಬುತ್ತಿ ಕಟ್ಟಿಕೊಟ್ಟರು. ಮರುದಿನದಿಂದ ಒಂದರ ಬದಲು ಎರಡು ರೊಟ್ಟಿ ಬೀಳತೊಡಗಿದವು. ಜನ ತಿನ್ನಲಾರದೆ ಕೈಮುಗಿಯುತ್ತಿದ್ದರು.

ವೆಲ್ಡರ್ ಬಿದ್ದ ಮೇಲೆ ಕಾರ್ಖಾನೆಗಳ ಕೆಲಸಗಾರರು ಒಟ್ಟಾದರು. ಪೂಲಿನ ಎರಡೂ ಕಡೆಯ ಅಂಚಿನ ಸಾಲನ್ನು ಲಾರಿಗಳಿಂದ ಬಿಡಿಸಿ ಸೈಕಲ್ಲಿಗೂ ನಡೆಯುವವರಿಗೂ ಕೊಡಬೇಕು, ನಡುವೆ ಏನಾದರೂ ಅಡ್ಡ ಕಟ್ಟಬೇಕು ಎನ್ನುವುದು ಅವರ ಬೇಡಿಕೆ. ವಸ್ತಿಯಲ್ಲಿ ದೊಡ್ಡ ಜಾಗ ನಮ್ಮ ಊಟದ ಖೋಲಿಯೇ ಆದ್ದರಿಂದ ಒಂದು ರವಿವಾರ ಅಲ್ಲೇ ಸೇರಿದರು. ನಾನು ಚಹಾ ಕೊಡುತ್ತ ಒಳಗೊಳಗೇ ಕುಣಿಯುತ್ತಿದ್ದೆ. ಅತ್ತೆ ಇವರ ಪರ ನಿಲ್ಲುತ್ತಾರೆ, ಅವರಿಗಿಂತ ಹೆಚ್ಚು ಹೇಳಬಲ್ಲವರು ಯಾರಿದ್ದಾರೆ ಎಂದುಕೊಂಡಿದ್ದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಆಮೇಲೆ, ಅಡ್ಡ ಗಿಡ್ಡ ಏನೂ ಬ್ಯಾಡ, ಪೂಲ್ ಮ್ಯಾಲೆ ಸೈಕಲ್ಲನ್ನೇ ಬಂದ್ ಮಾಡ್ರಿ ಅಂತ ಕೇಳ್ರಿ ಎಂದರು. ಹಿರಿಯ ಕೆಲಸಗಾರರೊಬ್ಬರು ಮೆಲ್ಲಗೆ, ಅವ್ವ, ಹಂಗಾದ್ರ ನಾವು ಕೆಲಸಕ್ಕ ಹೆಂಗ ಹೋಗೂಣು ಎಂದು ಕೇಳಿದರು. ಅತ್ತೆ, "ಹೋಗಬ್ಯಾಡ್ರಿ," ಎಂದರು. ಕೆಲವರು ನಕ್ಕರು. ಅತ್ತೆ ನಗಿಸಲು ಹೇಳಿದ್ದಲ್ಲ. ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತರು. ಲೋಕವನ್ನೆಲ್ಲ ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಳ್ಳಲು ಆಗಿದ್ದರೆ ಅವರು ಅದನ್ನೂ ಮಾಡುತ್ತಿದ್ದರು.

ಕೆಲಸಗಾರರು ವಾರ್ಡ್ ಆಫೀಸಿಗೆ ಓಡಾಡಿದರು. ಲಾರಿಗಳು ಕಡಿಮೆಯಾಗಿದ್ದ ಕಾಲವಾದ್ದರಿಂದಲೋ ಏನೋ, ಪರೀಕ್ಷೆಗೆಂದು ಕೆಲವು ಕಾಲ ಮಾಡಿ ನೋಡೋಣ ಎಂದು ಒಪ್ಪಿಗೆ ಸಿಕ್ಕಿತು. ಕಾರ್ಖಾನೆಯವರು ಬಣ್ಣದ ಹಳೆಯ ಡ್ರಮ್ಮುಗಳನ್ನು ಕೊಟ್ಟರು. ಅವುಗಳಲ್ಲಿ ಸಿಮೆಂಟು ಜಲ್ಲಿ ತುಂಬಿ, ಸುಣ್ಣ ಬಳಿದು, ಒಂದರಿಂದ ಒಂದಕ್ಕೆ ಕಬ್ಬಿಣದ ಪೈಪು ಬೆಸೆದು ಪೂಲಿನ ಉದ್ದಕ್ಕೂ ನಿಲ್ಲಿಸಿದರು. ಲಾರಿಗಳಿಗೆ ಹೋಗಲು ಒಂದು ಸಾಲು, ಬರಲು ಒಂದು ಸಾಲು. ಅಂಚಿನ ಸಾಲುಗಳು ಸೈಕಲ್ಲಿಗೆ. ಬೆಸುಗೆಯ ಕೆಲಸ ಮಾಡಿದವರು ಆ ವೆಲ್ಡರ್ ಅವರ ಜೊತೆಗಾರರು. ಪಾಳಿ ಮುಗಿಸಿ ಬಂದು ಪುಕ್ಕಟೆ ಮಾಡಿದರು.

ಅತ್ತೆ ನಂಬಲಿಲ್ಲ. ಊಟಕ್ಕೆ ಬಂದವರು ಹೊಗಳಿದಷ್ಟೂ ಅವರ ಮುಖ ಬಿಗಿಯುತ್ತಿತ್ತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ರೊಟ್ಟಿ ಕೆಲಸ ಮುಗಿದದ್ದೇ, ನಡಿ ಎಂದು ನನ್ನ ಕೈ ಹಿಡಿದರು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಪೂಲಿನ ಬುಡದಲ್ಲಿದ್ದೆವು. ಅವರು ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು, ಹೆಜ್ಜೆ ಇಟ್ಟರು. ಮೊದಲ ಡ್ರಮ್ಮಿಗೆ ಸೊಂಟ ಕೊಟ್ಟು ನೂಕಿದರು. ಅಲುಗಲಿಲ್ಲ. ಎರಡನೆಯದನ್ನು ನೂಕಿದರು. ಹೀಗೆ ಒಂದೂ ಬಿಡದೆ ನೂಕುತ್ತ ನಡೆದರು. ಸೈಕಲ್ಲಿನವರು ಗಂಟೆ ಬಾರಿಸಿ, ಅವ್ವಾ ಎಂದು ಕೂಗಿ ದಾಟಿ ಹೋಗುತ್ತಿದ್ದರು. ಅತ್ತೆ ಯಾರ ಕಡೆಗೂ ನೋಡಲಿಲ್ಲ.

ನಡುಮಧ್ಯಕ್ಕೆ ಬಂದಾಗ ಅವರ ಕಾಲು ನಿಂತಿತು. ಮಾವನವರು ಬಿದ್ದ ಜಾಗ ಅದೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆಗಲೇ ಕಬ್ಬಿಣ ಹೇರಿದ ಲಾರಿಯೊಂದು ಡ್ರಮ್ಮುಗಳನ್ನು ಸವರಿಕೊಂಡು ಹೋಯಿತು. ಪೈಪು ಗುಂಯ್‌ಗುಟ್ಟಿತು, ನೆಲ ನಡುಗಿತು. ಲಾರಿ ಹೋದ ಮೇಲೆ ನೋಡಿದರೆ ಡ್ರಮ್ಮು ಇದ್ದಲ್ಲೇ ಇತ್ತು, ನಾವೂ ಇದ್ದಲ್ಲೇ ಇದ್ದೆವು. ಅತ್ತೆ ಬಹಳ ಹೊತ್ತು ಕಠಡೆ ಹಿಡಿದು ಕೆಳಗೆ ಪಟ್ರಿಯನ್ನು ನೋಡಿದರು. ಅತ್ತರೋ ಇಲ್ಲವೋ ಗೊತ್ತಿಲ್ಲ, ಸೆರಗು ಮುಖದ ಮೇಲಿತ್ತು. ಕೊನೆಗೆ ತಲೆಯೆತ್ತಿ, "ನಿನ್ನ ಸಾಲಿ ಯಾವುದು, ತೋರಿಸು," ಎಂದರು.

ನಾನು ಬೆರಳು ಮಾಡಿ ತೋರಿಸಿದೆ. ಮಂಗಳೂರು ಹೆಂಚಿನ ಉದ್ದನೆ ಕಟ್ಟಡ, ಅಂಗಳದಲ್ಲಿ ಹುಡುಗರ ಓಟ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಬಾಗಿಲು ಯಾವ ಕಡೆ ಇದೆ, ಪೂಲು ಇಳಿದ ಮೇಲೆ ದೊಡ್ಡ ರಸ್ತೆ ದಾಟಬೇಕೇನು ಎಂದು ಕೇಳಿದರು. ದಾಟಬೇಕಿಲ್ಲ, ಇದೇ ಬದಿ ಎಂದೆ. ಹೂಂ ಎಂದು ತಿರುಗಿದರು. ಆಚೆ ಬದಿಗೆ ಅಂದೂ ಇಳಿಯಲಿಲ್ಲ.

ಮಾರನೆಯ ದಿನ ಸಂಚಿಯಿಂದ ಕೀಲಿ ತೆಗೆದು ಮಗನ ಮುಂದೆ ಇಟ್ಟರು. ನನಗಾಗಿ ನನ್ನ ಗಂಡ ಎಲ್ಲಿಂದಲೋ ಹಳೆಯ ಲೇಡೀಸ್ ಸೈಕಲ್ ತಂದರು. ಕಲಿಸುವುದು ಯಾರು? ಗಂಡ ಕಲಿಸಿದರೆ ವಸ್ತಿಯವರು ನಗುತ್ತಾರೆಂದು ಅತ್ತೆ ತಾವೇ ಟೊಂಕ ಕಟ್ಟಿದರು. ಉಪ್ಪಿನ ಗದ್ದೆಯ ಪಕ್ಕದ ಮಣ್ಣಿನ ಹಾದಿಯಲ್ಲಿ ನಾನು ಸೀರೆ ಎತ್ತಿ ಸಿಕ್ಕಿಸಿ ಪೆಡಲ್ ತುಳಿಯುವುದು, ಅವರು ಕ್ಯಾರಿಯರ್ ಹಿಡಿದು ಹಿಂದೆ ಓಡುವುದು. ಸೈಕಲ್ ಬಗ್ಗೆ ಅವರಿಗೆ ಏನೇನೂ ಗೊತ್ತಿರಲಿಲ್ಲ. ಬೀಳಬ್ಯಾಡ ಎನ್ನುವುದೊಂದೇ ಅವರ ಪಾಠ. ನನಗೆ ಸಮತೋಲ ಸಿಕ್ಕ ಮೇಲೂ ಅವರು ಕೈ ಬಿಡಲಿಲ್ಲ. ಸೈಕಲ್ ಮುಂದಕ್ಕೆ ಎಳೆಯುತ್ತದೆ, ಅತ್ತೆ ಹಿಂದಕ್ಕೆ ಎಳೆಯುತ್ತಾರೆ, ನಾನು ನಡುವೆ ಬೆವರುತ್ತೇನೆ. "ಬಿಡ್ರಿ ಅತ್ತಿ," ಎಂದರೆ "ಬಿಡಾಂಗಿಲ್ಲ," ಎನ್ನುವರು, ಓಡುತ್ತಲೇ. ಒಂದು ಸಂಜೆ ಉಸಿರು ಸಾಲದೆ ಅವರೇ ದಾರಿಯಲ್ಲಿ ಕೂತುಬಿಟ್ಟರು. ನಾನು ಗದ್ದೆಯ ತುದಿಯವರೆಗೆ ಹೋಗಿ ತಿರುಗಿ ಬಂದೆ. ಅವರು ಕೂತಲ್ಲೇ ನನ್ನನ್ನು ನೋಡುತ್ತಿದ್ದರು. ಹತ್ತಿರ ಬಂದಾಗ, ಇಷ್ಟು ಜೋರಾಗಿ ಹೊಡೀಬ್ಯಾಡ ಎಂದು ಗದರಿದರು.

ಮರುವರ್ಷ ಜೂನಿನಲ್ಲಿ, ಇನ್ನೂ ಖಾಲಿಯೇ ಇದ್ದ ಆ ಟೀಚರ ಜಾಗಕ್ಕೆ, ಶಾಲೆಗೆ ಸೇರಿದೆ. ಬೆಳಗಿನ ರೊಟ್ಟಿ ಮುಗಿಸಿ ಹೊರಟರೆ ಮೊದಲ ಗಂಟೆಗೆ ಸರಿಯಾಗಿ ಮುಟ್ಟುತ್ತಿದ್ದೆ. ಒಂದು ಬದಿಗೆ ಕಠಡೆ, ಇನ್ನೊಂದು ಬದಿಗೆ ಬಿಳಿ ಡ್ರಮ್ಮು, ನಡುವೆ ನಮ್ಮದೇ ರಸ್ತೆ. ಪೂಲಿನ ಬೆನ್ನು ಹತ್ತುವಾಗ ಸೈಕಲ್ಲಿನಿಂದ ಇಳಿದು ಮಾತಾಡುತ್ತ ನೂಕುವ ಗಂಡಸರು, ತಲೆಯ ಮೇಲೆ ಬುಟ್ಟಿ ಹೊತ್ತ ಮೀನಿನವರು, ನನ್ನದೇ ಶಾಲೆಗೆ ಬರಲು ತೊಡಗಿದ ನಮ್ಮ ವಸ್ತಿಯ ಮಕ್ಕಳು. ನನ್ನ ಗಂಡ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ, ಬೆಳಕಿರುವಾಗಲೇ ಮನೆಗೆ ಬರುತ್ತಿದ್ದರು. ಅವರು ಸಿಳ್ಳೆ ಹಾಕುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅತ್ತೆ ಮಾತ್ರ ಪೂಲಿನ ಬುಡದಲ್ಲಿ ನಿಂತು ನಾನು ಬೆನ್ನು ದಾಟಿ ಮರೆಯಾಗುವವರೆಗೆ ನೋಡಿ ಮನೆಗೆ ಹೋಗುತ್ತಿದ್ದರು.

ಅದು ಬಹಳ ಕಾಲ ನಡೆಯಲಿಲ್ಲ. ಲಾರಿಗಳು ಮತ್ತೆ ಹೆಚ್ಚಿದವು. ಒಂದೇ ಸಾಲಿನಲ್ಲಿ ಅವು ಬಜಾರಿನವರೆಗೆ ನಿಂತು ಕಾಯುತ್ತಿದ್ದವು. ಲಾರಿಯವರದೂ ಮೋಟಾರಿನವರದೂ ದೂರು ಹೋಯಿತು. ಪರೀಕ್ಷೆ ಮುಗಿಯಿತು, ಡ್ರಮ್ಮು ತೆಗೆಯಿರಿ ಎಂದು ಆಜ್ಞೆ ಬಂತು. ಬೇರೆ ಕಾಲವಾಗಿದ್ದರೆ ಕೆಲಸಗಾರರು ಅಡ್ಡ ಮಲಗುತ್ತಿದ್ದರೇನೋ. ಆಗ ತುರ್ತುಪರಿಸ್ಥಿತಿ. ನಾಲ್ಕು ಜನ ಒಂದೆಡೆ ನಿಂತರೆ ಪೊಲೀಸರು ಹೆಸರು ಕೇಳುತ್ತಿದ್ದರು. ಖಾನಾವಳಿಯಲ್ಲಿ ಕೂಡ ಜನ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಒಂದು ಬೆಳಿಗ್ಗೆ ಕ್ರೇನು ಬಂತು. ಕಿತ್ತ ಡ್ರಮ್ಮುಗಳನ್ನು ಲಾರಿಗೆ ಹೇರಿ, ಅದೇ ಪೂಲಿನ ಮೇಲಿಂದ ಒಯ್ದರು. ಸಂಜೆ ನಾನು ಬರುವಾಗ ಡ್ರಮ್ಮು ಇದ್ದಲ್ಲಿ ದುಂಡನೆಯ ಕಲೆಗಳು ಉಳಿದಿದ್ದವು, ಲಾರಿಗಳು ಅವುಗಳ ಮೇಲೆ ಓಡುತ್ತಿದ್ದವು. ನಾನು ಸೈಕಲ್ ಇಳಿದು, ಪೈಪಿಗೆ ಮೈ ತಾಗಿಸಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಂದೆ.

ಮನೆಗೆ ಬಂದವಳು ಸೈಕಲ್ಲನ್ನು ನಾನೇ ಕಂಬಕ್ಕೆ ಒರಗಿಸಿದೆ. ಹಳೆಯ ಸರಪಳಿ ಅಲ್ಲೇ ಮೂಲೆಯಲ್ಲಿತ್ತು. ಅದನ್ನು ಅತ್ತೆ ಎತ್ತಿಕೊಳ್ಳುವುದನ್ನು ನೋಡಲಾರದೆ ಒಳಗೆ ಹೋಗಿ ಕಾಯಿಪಲ್ಯ ಹೆಚ್ಚಲು ಕೂತೆ. ಈರುಳ್ಳಿ ಇದ್ದದ್ದು ಒಳ್ಳೆಯದಾಯಿತು. ಅವರು ಶೆಗಡಿಯ ಮುಂದೆ ಇದ್ದರು. ಎಲ್ಲರ ಊಟವಾದ ಮೇಲೆ ನಾನೇ, ನಾಳೆಯಿಂದ ಹೋಗುವುದಿಲ್ಲ, ಹೆಡ್‌ಬಾಯಿಗೆ ಹೇಳಿ ಕಳಿಸುತ್ತೇನೆ ಎಂದೆ.

"ನಾಳೆ ಸಾಲಿ ಐತಿಲ್ಲೋ?" ಎಂದು ಅತ್ತೆ ಕೇಳಿದರು. ಇದೆ ಎಂದೆ. "ಹಂಗಾದ್ರ ಮುಂಜಾನೆ ಲಗೂನ ಏಳು. ನಡಕೋಂತ ಹೋದ್ರ ಹೊತ್ತಾಗತೈತಿ."

ಮಾರನೆಯ ಬೆಳಿಗ್ಗೆ ಪೂಲಿನ ಬುಡದಲ್ಲಿ ಅವರು ನನ್ನನ್ನು ಕಠಡೆಯ ಕಡೆಗೆ, ಎಡಕ್ಕೆ ಸರಿಸಿದರು. ಸೈಕಲ್ಲನ್ನು ನಾನು ನೂಕಬೇಕು. ಅವರು ಬಲಕ್ಕೆ, ಲಾರಿಗಳ ಕಡೆಗೆ ನಿಂತರು. ಬ್ಯಾಡ್ರಿ ಅತ್ತಿ ಎಂದರೆ ಕೇಳಿಸಿಕೊಳ್ಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಸೊಂಟದ ಮೇಲಿಟ್ಟು, ಮೊಣಕೈಯನ್ನು ರಸ್ತೆಗೆ ಚಾಚಿ ಹೊರಟರು. ಹಿಂದಿನಿಂದ ಲಾರಿ ಹಾರ್ನ್ ಬಾರಿಸಿತು. ಅವರು ತಿರುಗಿ ನೋಡಲಿಲ್ಲ, ಹೆಜ್ಜೆ ಜೋರೂ ಮಾಡಲಿಲ್ಲ. ಲಾರಿ ಬಯ್ದುಕೊಂಡು ಆಚೆ ಸಾಲಿಗೆ ಸರಿದು ಹೋಯಿತು. ನಡುಮಧ್ಯ ಬಂತು. ಅವರು ಕಣ್ಣು ಮುಚ್ಚಿ ನಾಲ್ಕು ಹೆಜ್ಜೆ ನಡೆದು ಕಣ್ಣು ತೆರೆದರು. ಆಮೇಲೆ ಇಳಿಜಾರು, ಶಾಲೆಯ ಬಾಗಿಲು. ಅಷ್ಟು ವರ್ಷಗಳ ಮೇಲೆ ಅತ್ತೆ ಆಚೆ ಬದಿಯ ನೆಲ ಮೆಟ್ಟಿದ್ದು ಹಾಗೆ. ಸುತ್ತ ಒಮ್ಮೆ ನೋಡಿ, ಇಷ್ಟೇ ಏನು ಎಂಬಂತೆ ಮುಖ ಮಾಡಿ, ಸಂಜೆ ಇಲ್ಲೇ ನಿಂದ್ರು, ನಾ ಬರತೀನಿ ಎಂದು ಒಬ್ಬರೇ ತಿರುಗಿ ನಡೆದರು.

ಹಾಗೆ ಅವರು ದಿನಾ ಬಂದರು, ಬೆಳಿಗ್ಗೆಯೂ ಸಂಜೆಯೂ. ಮೊದಲು ವಸ್ತಿಯ ಮಕ್ಕಳು ನಮ್ಮ ಎಡಕ್ಕೆ ಸೇರಿಕೊಂಡರು. ಆಮೇಲೆ ಸೈಕಲ್ಲಿನವರು. ಯಾರೂ ಕರೆದಿರಲಿಲ್ಲ, ಯಾರೂ ಮಾತಾಡಿಕೊಂಡಿರಲಿಲ್ಲ. ಅತ್ತೆ ನಡೆಯುವ ಹೊತ್ತಿಗೆ ಬಂದು, ಅವರ ಹಿಂದೆ ಸೈಕಲ್ ಇಳಿದು ನೂಕಿಕೊಂಡು ಬರತೊಡಗಿದರು. ಸಾಲು ಉದ್ದವಾಯಿತು. ಅಷ್ಟು ಉದ್ದದ ಸಾಲನ್ನು ಲಾರಿಯವರು ಏನು ಮಾಡಿಯಾರು, ಅಂಚು ಬಿಟ್ಟು ಆಚೆ ಸರಿದು ಹೋಗತೊಡಗಿದರು. ಒಂದು ದಿನ ಪೊಲೀಸ್ ಹವಾಲ್ದಾರನೊಬ್ಬ ತಡೆದು, ಮಾವಶಿ, ಇದೇನು ಮೋರ್ಚಾ ಎಂದು ಮರಾಠಿಯಲ್ಲಿ ಕೇಳಿದ. ಹಿಂದಿನ ಗಂಡಸರೆಲ್ಲ ಕಠಡೆಯ ಆಚೆ ನೋಡತೊಡಗಿದರು.

ಅತ್ತೆ ತಮ್ಮ ಹರಕುಮುರುಕು ಮರಾಠಿಯಲ್ಲಿ, ಸೊಸೆಯನ್ನು ಶಾಲೆಗೆ ಬಿಡಲು ಹೊರಟಿದ್ದೇನೆ, ಈ ಜನ ಯಾರೋ ನನಗೆ ಗೊತ್ತಿಲ್ಲ, ಅವರನ್ನೇ ಕೇಳು ಎಂದರು. ಹವಾಲ್ದಾರ ನನ್ನ ಕೈಯಲ್ಲಿದ್ದ ಪುಸ್ತಕದ ಚೀಲ ನೋಡಿದ, ಅವರ ಹಿಟ್ಟು ಮೆತ್ತಿದ ಸೀರೆ ನೋಡಿದ. ಇಷ್ಟು ದೊಡ್ಡ ಸೊಸೆಗೆ ಕೈ ಹಿಡಿಯಬೇಕೇ ಎಂದು ನಕ್ಕು ದಾರಿ ಬಿಟ್ಟ. ಅಂದು ಶಾಲೆಯ ಬಾಗಿಲಲ್ಲಿ ಅತ್ತೆ ಕೂತು ನೀರು ಕೇಳಿ ಕುಡಿದರು. ನನ್ನ 'ಯಾಕ್ರಿ ಇಷ್ಟು ಕಷ್ಟ' ಎಂಬ ಮಾತಿಗೆ, "ಒಬ್ಬೊಬ್ಬರನ್ನ ಹಿಡಿದು ಕುಂದ್ರಿಸಿ ಏನ್ ಸಿಕ್ತು ನನಗ," ಎಂದಷ್ಟೇ ಹೇಳಿ ಎದ್ದರು. ಅದು ಅವರು ನನ್ನ ಮುಂದೆ ತಮ್ಮ ಬಗ್ಗೆ ಆಡಿದ ಎರಡನೆಯ ಮಾತು. ಮೂರನೆಯದಿಲ್ಲ.

ಎರಡು ಮಳೆಗಾಲ ಹೀಗೆ ನಡೆದರು. ಮೂರನೆಯದರ ಹೊತ್ತಿಗೆ ಮೊಣಕಾಲು ಬಾತು, ಪೂಲಿನ ಏರು ಹತ್ತಲಾಗಲಿಲ್ಲ. ಆಮೇಲೆ ಖೋಲಿಯಿಂದ ಹೊರಗೂ ಬರಲಾಗಲಿಲ್ಲ. ಉಸಿರಾಟವೂ ಕೆಟ್ಟಿತ್ತು, ಎಷ್ಟು ವರ್ಷದ ಹೊಗೆಯೋ ಏನೋ. ಹಿಂದಿನ ಖೋಲಿಯಲ್ಲಿ, ಕಂಬಿಯ ಕಿಟಕಿಯ ಕೆಳಗೆ ಹಾಸಿಗೆ. ಜೀವಮಾನವಿಡೀ ಎಲ್ಲರನ್ನೂ ಒಳಗಿಟ್ಟುಕೊಳ್ಳಲು ಹೆಣಗಿ, ಕೊನೆಗೆ ಎಲ್ಲರನ್ನೂ ಹೊರಗೆ ಕಳಿಸಿ, ತಾವು ಒಳಗೆ ಉಳಿದರು. ಕಾಲ ಬದಲಾಗಿ, ಕೆಲಸಗಾರರು ಮತ್ತೆ ಬಾಯಿ ಬಿಟ್ಟು ಕೇಳುವಂತಾಗಿತ್ತು. ಬಹಳ ಓಡಾಟದ ಮೇಲೆ ಪೂಲಿನ ಒಂದು ಬದಿಗೆ, ಹೋಗುವ ಕಡೆಗೆ ಮಾತ್ರ, ಸಿಮೆಂಟಿನ ತಗ್ಗು ಗೋಡೆ ಎಬ್ಬಿಸಿ ಅಂಚಿನ ಸಾಲನ್ನು ಸೈಕಲ್ಲಿಗೆ ಬಿಟ್ಟುಕೊಟ್ಟರು. ಬರುವ ಕಡೆಗೆ ಮುಂದೆ ನೋಡೋಣ ಎಂದರು. ನಾನು ಓಡಿ ಬಂದು ಅತ್ತೆಗೆ ಹೇಳಿದೆ. ಎಷ್ಟು ಎತ್ತರ ಎಂದು ಕೇಳಿದರು. ಹಾಸಿಗೆಯ ಪಕ್ಕದಲ್ಲಿ ನಿಂತು ಮೊಣಕಾಲು ತೋರಿಸಿದೆ.

"ಕಡಿಮಿ ಆತು," ಎಂದರು. ಕಣ್ಣು ಮುಚ್ಚಿಕೊಂಡು, ಸಿಮೆಂಟು ಎಂದರೆ ಗಟ್ಟಿ ಇರುತ್ತದಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಆ ಚಳಿಗಾಲ ಒಂದು ಮಧ್ಯಾಹ್ನ ತೀರಿಕೊಂಡರು. ನಾನು ಶಾಲೆಯಲ್ಲಿದ್ದೆ. ಬೆಳಿಗ್ಗೆ ಹೊರಡುವಾಗ ಬಲಗೈ ಎತ್ತಿ, ಎಡಕ್ಕೆ ಸರಿ ಎನ್ನುವಂತೆ ಸನ್ನೆ ಮಾಡಿದ್ದರು. ಮಾತಾಡಲು ಉಸಿರಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಮತ್ತೆ ಶಾಲೆಗೆ ಹೋದೆ. ಸಂಜೆ ಮರಳುವಾಗ ಗೋಡೆಯಿಲ್ಲದ ಬದಿ, ಲಾರಿಗಳ ಹೊತ್ತು. ಪೂಲು ಹತ್ತಲು ಸೈಕಲ್ ಇಳಿದು ನೂಕತೊಡಗಿದೆ. ಹಿಂದಿನಿಂದ ಯಾರೋ ಸೈಕಲ್ ಇಳಿದ ಸದ್ದಾಯಿತು. ನಮ್ಮಲ್ಲಿ ಉಣ್ಣುತ್ತಿದ್ದವರಲ್ಲೊಬ್ಬರು, ಅಂದು ಡ್ರಮ್ಮುಗಳಿಗೆ ಪೈಪು ಬೆಸೆದವರು. ನನ್ನ ಬಲಕ್ಕೆ ಬಂದು, ಲಾರಿಗಳ ಕಡೆ ತಮ್ಮ ಸೈಕಲ್ ಹಿಡಿದು ಹೆಜ್ಜೆ ಹಾಕಿದರು. ಪೂಲು ಇಳಿದ ಮೇಲೆ, ಬರತೀನಿ ಟೀಚರ್‌ಬಾಯಿ ಎಂದು ಸೈಕಲ್ ಹತ್ತಿ ಹೋದರು. ಮರುದಿನ ಸಂಜೆ ಇನ್ನೊಬ್ಬರು. ಅದರ ಮರುದಿನ ಮತ್ತೊಬ್ಬರು. ಬರುವ ಕಡೆಗೂ ಗೋಡೆ ಬರುವವರೆಗೆ ನಾನು ಒಂದು ಸಂಜೆಯೂ ಆ ಪೂಲನ್ನು ಒಬ್ಬಳೇ ದಾಟಲಿಲ್ಲ.